‘ದಡ್ಡರಿಗಿ ದಡ್ಡ ಅನ್ಲಾರ್ದೆ ಮತ್ತೇನ್ ಅನ್ಬೇಕ್ರಿ?’

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಕಲಬುರಗಿಯ ಗಂಜ್‌ನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಅವರದು ಅಡತ್ ಅಂಗಡಿ. ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ವ್ಯಾಪಾರ. ವಯಸ್ಸು ಐವತ್ತರ ಹತ್ತಿರ. ಊರೆಲ್ಲ ಸಾಹುಕಾರ್ರೇ ಅನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ಆಪ್ತ ಸಮಾಲೋಚನೆಗೆ ನನ್ನ ಹತ್ತಿರ ಕರೆದುಕೊಂಡು ಬಂದವರು ಹೆಂಡತಿ. ಒಂದೇ ವರ್ಷದಲ್ಲಿ ಅಂಗಡಿಯ ಲೆಕ್ಕ ಬರೆಯುವ ಇಬ್ಬರು ಮುನೀಮರು ಕೆಲಸ ಬಿಟ್ಟಿದ್ದರು. ಆದರೆ ಆಕೆಗೆ ಚಿಂತೆ ಮಗನದು. ಸೆಕೆಂಡ್ ಪಿಯುಸಿ ಹುಡುಗ. “ಅಪ್ಪ ಮನಿಗಿ ಬಂದ್ರ ಪುಸ್ತಕ ಮುಚ್ಚಿ ಇಡ್ತಾನ್ರಿ. ಏನರ ಕೇಳಿದ್ರ ದಡ್ಡ ಅಂತಾರಂತ ಅಂಜ್ಕಿ ಅವಂಗ.”

ಸಾಹುಕಾರರಿಗೆ ಇದರಲ್ಲಿ ತಪ್ಪೇ ಕಾಣಲಿಲ್ಲ. “ದಡ್ಡರಿಗಿ ದಡ್ಡ ಅನ್ಲಾರ್ದೆ ಮತ್ತೇನ್ ಅನ್ಬೇಕ್ರಿ?” ಅಂದರು. ಕೊನೆಯ ಮುನೀಮನ ಕಥೆ ತೆಗೆದರು. ಇವರು ಚೀಟಿಯಲ್ಲಿ ಬರೆದುಕೊಟ್ಟ 47 ಕ್ವಿಂಟಲ್ ತೊಗರಿಯನ್ನು ಅವನು 41 ಅಂತ ಕಂಪ್ಯೂಟರಿಗೆ ಹಾಕಿದ್ದ. 2024-25ರ ಬೆಂಬಲ ಬೆಲೆ 7,550 ಹಿಡಿದರೂ ಆರು ಕ್ವಿಂಟಲಿಗೆ 45,300 ರೂಪಾಯಿ ಫರಕು ಅಂತ ಒಂದೇ ಉಸಿರಿಗೆ ಲೆಕ್ಕ ಒಪ್ಪಿಸಿದರು. ಅಂಗಡಿಯಲ್ಲಿ ಹತ್ತು ಮಂದಿ ಎದುರು ಅವನಿಗೆ ಯಬಡ ಅಂದಿದ್ದರು. ಮರುದಿನ ಅವನು ಬರಲಿಲ್ಲ.

ಆ ಚೀಟಿ ಇನ್ನೂ ಅವರ ಜೇಬಿನಲ್ಲೇ ಇತ್ತು. ನಾಲ್ಕು ಮಡಿಕೆ, ಅಂಚಿಗೆ ಎಣ್ಣೆ ಕಲೆ, ಅವರದೇ ಕೈಬರಹ. ಬಿಡಿಸಿ ನನ್ನ ಮುಂದಿಟ್ಟರು. ನಾನೂ 41 ಅಂತಲೇ ಓದಿದೆ. ಅವರು ಬರೆಯುವ ಏಳರ ತಲೆ ಅಷ್ಟು ಚಿಕ್ಕದು.

ಸಾಹುಕಾರರು ಚೀಟಿಯನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಬಹಳ ಹೊತ್ತು ಮಾತಾಡಲಿಲ್ಲ.

ಇಂಥವರು ಬಂದಾಗ, ಚಿಕ್ಕಂದಿನಲ್ಲಿ ಇವರಿಗೂ ಯಾರೋ ದಡ್ಡ ಅಂದಿರಬೇಕು ಅಂತ ಹುಡುಕಲು ಹೋಗುತ್ತೇವೆ. ಕೆಲವರ ವಿಷಯದಲ್ಲಿ ಅದು ನಿಜ. ಇಲ್ಲಿ ನಾನು ಅಷ್ಟು ದೂರ ಹೋಗಲಿಲ್ಲ. ಮುನೀಮ ಯಾಕೆ ಹಾಗೆ ಬರೆದ ಅನ್ನೋದು ಇವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಜಾಗಕ್ಕೆ ‘ದಡ್ಡ’ ಬಂದು ಕೂತಿತು. ಆ ಮಾತು ಆಡಿದ ಮೇಲೆ ಯಾರೂ ಚೀಟಿ ತಿರುಗಿ ನೋಡಲ್ಲ, ಅಲ್ವಾ? ಎದುರಿಗಿನವನ ಪರಿಸ್ಥಿತಿ ಬಿಟ್ಟು ಅವನ ಗುಣವನ್ನೇ ದೂರುವ ಈ ಚಾಳಿಗೆ ಲೀ ರಾಸ್ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲೇ ಹೆಸರಿಟ್ಟರು. ನನ್ನಲ್ಲೂ ಅದು ಇದೆ.

“ಕಡಕ್ ಮಾತಾಡಿದ್ರ ಮಂದಿ ಶಾಣ್ಯಾ ಅಂತಾರ್ರಿ” ಅಂದರು ಸಾಹುಕಾರರು. ಅದು ಪೂರ್ತಿ ಸುಳ್ಳಲ್ಲ. ಅಮೆರಿಕದ ತೆರೇಸಾ ಅಮಾಬಿಲೆ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪುಸ್ತಕಗಳ ಬಗ್ಗೆ ಕಟುವಾಗಿ ಬರೆದವರೇ ಓದಿದವರಿಗೆ ಜಾಸ್ತಿ ಬುದ್ಧಿವಂತರಾಗಿ ಕಂಡರು. ಆದರೆ ಅವರು ಮಂದಿಗೆ ಅಷ್ಟು ಹಿಡಿಸಲಿಲ್ಲ. ಇದನ್ನು ಹೇಳಿ, ಮಗನಿಗೆ ಮನೆಯಲ್ಲಿ ಬೇಕಿರೋದು ಶಾಣ್ಯಾ ಅಪ್ಪನೋ, ಪಕ್ಕ ಕೂರಬಹುದಾದ ಅಪ್ಪನೋ ಅಂತ ಕೇಳಿದೆ. ಕಣ್ಣು ಒರೆಸಿಕೊಂಡರು.

ಬೈಯಲೇಬೇಡಿ ಅಂತ ನಾನು ಹೇಳಲಿಲ್ಲ. ವ್ಯಾಪಾರದಲ್ಲಿ ಅದು ಆಗೋ ಮಾತಲ್ಲ. “ಈ ಅಂಕಿ ತಪ್ಪು ಅದ” ಅನ್ನಿ, ಆಳಿಗೆ ಹೆಸರಿಡಬೇಡಿ ಅಂದೆ. ದಡ್ಡ ಅನ್ನೋದು ನಾಲಿಗೆ ತುದಿಗೆ ಬಂದಾಗ “ಯಾಕ ಹಂಗ ಮಾಡ್ದಿ?” ಅಂತ ಕೇಳಿ, ಉತ್ತರ ಬರೋ ತನಕ ಸುಮ್ನಿರಿ. ಗದರಿಸಿ ಕೇಳಿದರೆ ಅದೂ ಬೈಗುಳವೇ. ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಇವತ್ತು ಯಾರಿಗೆ ಹಾಗೆ ಅನ್ನಬೇಕೆನಿಸಿತು, ಆಗ ನನಗೆ ಏನು ಗೊತ್ತಿರಲಿಲ್ಲ ಅಂತ. ಮುನೀಮನಿಗೆ ಚೀಟಿ ವಿಷಯ ಹೇಳಿ. ಹತ್ತು ಮಂದಿ ಎದುರು ಅಂದದ್ದನ್ನು ಆ ಹತ್ತು ಮಂದಿ ಎದುರೇ ತಿದ್ದಬೇಕು. ಇದಕ್ಕೆ ಒಪ್ಪಲು ಎರಡು ವಾರ ತಗೊಂಡರು.

ಐದನೇ ಭೇಟಿಗೆ ನೋಟ್‌ಬುಕ್ ತಂದರು. ಒಂದು ಪುಟದಲ್ಲಿ ಹೀಗಿತ್ತು: “ಹಮಾಲ. ಹೇಳದೇ ಚೀಲ ಒಳಗ ಯಾಕ ಇಟ್ಟ? ಗೊತ್ತಿಲ್ಲ. ಕೇಳಿದೆ. ಮಳಿ ಮೋಡ ಆಗಿತ್ತು.”

ಮಗನ ಹೆಸರಿನ ಪುಟದಲ್ಲಿ ಪ್ರಶ್ನೆ ಮಾತ್ರ ಇತ್ತು. “ಕೇಳೀನ್ರಿ. ಇನ್ನಾ ಏನೂ ಹೇಳಿಲ್ಲ” ಅಂದರು. ಕಾಯಿರಿ ಅಂದೆ.