ಬಾಯ್ಲರ್ ರಿಪೇರಿಗೆ ಥ್ಯಾಂಕ್ಸ್ ಹೇಳಿ, ಲೆಟರ್‌ಹೆಡ್ ಮಾತ್ರ ಕೊಡಬೇಡಿ

ಲಂಡನ್ನಿನಲ್ಲಿ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಬಾಡಿಗೆಗೆ ಕೊಡುವ ಮನೆಯೊಂದರಲ್ಲಿರುವ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅಲ್ಲಿನ ಬಾಡಿಗೆದಾರರ ಸಂಘಕ್ಕೆ ಅವರೇ ಕಾರ್ಯದರ್ಶಿ. ಹೆಸರು ಬೇಡ ಅಂದಿದ್ದಾರೆ. ಚಳಿಗಾಲದಲ್ಲಿ ಇಡೀ ಬ್ಲಾಕಿನ ಬಾಯ್ಲರ್ ಕೆಟ್ಟು ಬಿಸಿನೀರಿಲ್ಲದೆ ಒದ್ದಾಡುವಾಗ ವಾರ್ಡಿನ ಕೌನ್ಸಿಲರ್ ಓಡಾಡಿ ಸರಿ ಮಾಡಿಸಿದರಂತೆ. ಈಗ ಚುನಾವಣೆ ಹತ್ತಿರ ಬಂದಿದೆ. ಸಂಘದ ಲೆಟರ್‌ಹೆಡ್‌ನಲ್ಲಿ ನಾಲ್ಕು ಒಳ್ಳೆ ಮಾತು ಬರೆದುಕೊಡಿ, ಕರಪತ್ರದಲ್ಲಿ ಹಾಕಿಕೊಳ್ಳುತ್ತೇನೆ ಅಂತ ಆ ಕೌನ್ಸಿಲರ್ ಕೇಳಿದ್ದಾರೆ. ಸಮಿತಿಯಲ್ಲಿ ಅರ್ಧ ಜನ ಕೊಡೋಣ ಅಂತಾರೆ, ಅರ್ಧ ಜನ ಬೇಡ ಅಂತಾರೆ. ಓದುಗರ ಸಿಟ್ಟು ಮಾತ್ರ ನನ್ನ ಮೇಲೆ. "ಬಾಡಿಗೆದಾರರ ಸಂಘ ಪಕ್ಷಗಳ ಕೈಗೆ ಸಿಗಬಾರದು ಅಂತ ಕಳೆದ ಸಂಚಿಕೆಯಲ್ಲಿ ಸಲೀಸಾಗಿ ಬರೆದುಬಿಟ್ಟಿರಿ. ಬಾಡಿಗೆ ಎಷ್ಟು ಅಂತ ನಿರ್ಧಾರ ಮಾಡೋದೇ ಪಕ್ಷಗಳು. ದೂರ ನಿಂತು ನಾವು ಏನು ಮಾಡೋಣ?"

ದೂರ ನಿಲ್ಲಿ ಅಂತ ನಾನು ಹೇಳುತ್ತಿಲ್ಲ. ಹತ್ತಿರವೇ ಹೋಗಿ, ಬಾಗಿಲು ಬಡಿಯಿರಿ, ಜಗಳವಾಡಿ. ಆದರೆ ಗೆಲ್ಲಿಸಿದ ಮೇಲೂ ಅದೇ ಜಗಳ ಆಡುವ ಶಕ್ತಿ ಉಳಿದಿರಬೇಕು. ಇದಕ್ಕೆ ನಿಮ್ಮ ಊರಿನದೇ ಒಂದು ಕಥೆ ಇದೆ.

1959ರಲ್ಲಿ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಕೌನ್ಸಿಲ್ ಕನ್ಸರ್ವೇಟಿವ್ ಪಕ್ಷದ ಕೈಗೆ ಬಂತು. ಆದಾಯ ನೋಡಿ ಬಾಡಿಗೆ ನಿಗದಿ ಮಾಡುತ್ತೇವೆ ಅಂದರು. ಕೇಳೋಕೆ ಚೆನ್ನಾಗಿಯೇ ಇತ್ತು. ಲೆಕ್ಕ ಕೈಗೆ ಬಂದಾಗ ಬಹಳ ಮನೆಗಳ ಬಾಡಿಗೆ ಸಿಕ್ಕಾಪಟ್ಟೆ ಏರಿತ್ತು. ಬಾಡಿಗೆದಾರರು ಸಂಘ ಕಟ್ಟಿದರು, 1960ರಲ್ಲಿ ಹೆಚ್ಚುವರಿ ಬಾಡಿಗೆ ಕೊಡಲ್ಲ ಅಂತ ಹಟ ಹಿಡಿದರು. ನೋಟಿಸು, ಕೋರ್ಟು ಅಂತ ಶುರುವಾದ ಮೇಲೆ ಒಬ್ಬೊಬ್ಬರೇ ಹಿಂದೆ ಸರಿದರು. ಕೊನೆಗೆ ಎದುರಿಗೆ ನಿಂತವರು ಡಾನ್ ಕುಕ್ ಮತ್ತು ಆರ್ಥರ್ ರೋ. ಮನೆಯೊಳಗಿಂದ ಅಡ್ಡಗಟ್ಟಿಕೊಂಡು ಕೂತರು. ಕುಕ್ ಇದ್ದ ಕೆನಿಸ್ಟನ್ ಹೌಸ್‌ನಲ್ಲಿ ಹಳೇ ಪಿಯಾನೊ, ಮುಳ್ಳುತಂತಿ ಎಲ್ಲ ಅಡ್ಡ ಇಟ್ಟಿದ್ದರು. ಸೆಪ್ಟೆಂಬರ್ 22ರ ಬೆಳಗಿನ ಜಾವ ಕೋರ್ಟಿನ ಅಮೀನರು ಪೊಲೀಸರ ಜೊತೆ ಬಂದು ಇಬ್ಬರನ್ನೂ ಹೊರಗೆ ಹಾಕಿದರು. ಅವತ್ತು ಸಂಜೆ ಸಾವಿರಾರು ಜನ ಟೌನ್ ಹಾಲ್ ಕಡೆ ನುಗ್ಗಿದರು, ಲಾಠಿ ಬೀಸಿತು. ಆಮೇಲೆ ಗೃಹ ಮಂತ್ರಿಗಳು ಅಲ್ಲಿ ಮೆರವಣಿಗೆಯನ್ನೇ ನಿಷೇಧಿಸಿದರು.

ಇಲ್ಲಿಯವರೆಗಿನದು ವೀರಗಾಥೆ. ಎಲ್ಲರೂ ಇಷ್ಟಕ್ಕೇ ನಿಲ್ಲಿಸುತ್ತಾರೆ. ನಿಮಗೆ ಬೇಕಾದ ಭಾಗ ಮುಂದಿದೆ. ಚಳವಳಿಗೆ ಸುಸ್ತಾಗಿತ್ತು. 1962ರ ಚುನಾವಣೆಯಲ್ಲಿ ಎದುರಾಳಿ ಲೇಬರ್ ಪಕ್ಷ ಗೆಲ್ಲಲಿ, ಎಲ್ಲ ಸರಿಹೋಗುತ್ತೆ ಅಂತ ಜನ ಕಾದರು. ಲೇಬರ್ ಗೆದ್ದೂ ಗೆದ್ದಿತು. ಆ ಬಾಡಿಗೆ ಪದ್ಧತಿಯನ್ನು ಮಾತ್ರ ಕಿತ್ತುಹಾಕಲಿಲ್ಲ. ಕಾನೂನು ಬಿಡಲ್ಲ, ಲೆಕ್ಕಪರಿಶೋಧಕರು ಬಿಡಲ್ಲ ಅಂದರು. ಅದೇನೂ ಪೂರ್ತಿ ನೆಪವಲ್ಲ. ಆಗ ಕಾನೂನು ಮೀರಿದ ಕೌನ್ಸಿಲರ್‌ಗಳ ಜೇಬಿನಿಂದಲೇ ದುಡ್ಡು ವಸೂಲಿ ಮಾಡಬಹುದಿತ್ತು. ಆದರೆ ಅದನ್ನು ಕೇಳಿ ಮತ್ತೆ ಬೀದಿಗಿಳಿಯೋಕೆ ಸಂಘದಲ್ಲಿ ಕಸುವು ಉಳಿದಿರಲಿಲ್ಲ. ಎರಡು ವರ್ಷದ ಸಿಟ್ಟೆಲ್ಲ ಮತಪೆಟ್ಟಿಗೆಗೆ ಹೋಗಿ ಕೂತಿತ್ತು.

ಪಕ್ಷದವರೆಲ್ಲ ಮೋಸಗಾರರು ಅನ್ನೋದು ನನ್ನ ಮಾತಲ್ಲ. ಹತ್ತು ವರ್ಷದ ನಂತರ ಪ್ರಧಾನಿ ಎಡ್ವರ್ಡ್ ಹೀತ್ ಅವರ ಕನ್ಸರ್ವೇಟಿವ್ ಸರ್ಕಾರ 1972ರ ಕಾಯ್ದೆಯಲ್ಲಿ ದೇಶದ ತುಂಬ ಕೌನ್ಸಿಲ್ ಬಾಡಿಗೆ ಏರಿಸಿ ಅಂದಾಗ, ಡರ್ಬಿಶೈರ್‌ನ ಕ್ಲೇ ಕ್ರಾಸ್ ಎಂಬ ಪುಟ್ಟ ಊರಿನ 11 ಲೇಬರ್ ಕೌನ್ಸಿಲರ್‌ಗಳು ಸುತರಾಂ ಆಗಲ್ಲ ಅಂದರು. ದಂಡ ಬಿತ್ತು, ಹುದ್ದೆಯಲ್ಲಿ ಇರದಂತೆ ಅನರ್ಹರಾದರು. ಅದೇ ವರ್ಷ ಲಿವರ್‌ಪೂಲ್ ಹತ್ತಿರದ ಕರ್ಕ್‌ಬಿಯಲ್ಲಿ ಬಾಡಿಗೆ ಏರಿಸಿದ್ದೂ ಲೇಬರ್ ಕೌನ್ಸಿಲ್ಲೇ. ಅಲ್ಲಿನ ಟವರ್ ಹಿಲ್ ಬಡಾವಣೆಯ ಜನ 14 ತಿಂಗಳು ಬಾಡಿಗೆ ಮುಷ್ಕರ ಮಾಡಿದರು. ಒಂದೇ ಬಾವುಟ, ಎರಡು ಊರು. ಬಾವುಟ ನೋಡಿ ಭರವಸೆ ಇಡೋಕೆ ಆಗುತ್ತಾ ಹೇಳಿ.

ಇನ್ನು ನೀವು ಕೇಳಿದ ಪ್ರಶ್ನೆ, ಪಕ್ಷದ ಬೆಂಬಲ ಇಲ್ಲದೆ ಗೆಲ್ಲೋದು ಹೇಗೆ? 1915ರ ಗ್ಲಾಸ್ಗೋ ನೋಡಿ. ಯುದ್ಧದ ಹೊತ್ತಿನಲ್ಲಿ ಮಾಲೀಕರು ಬಾಡಿಗೆ ಏರಿಸಿದಾಗ ಮೇರಿ ಬಾರ್ಬರ್ ಮತ್ತು ಜೊತೆಯ ಹೆಂಗಸರು ಗಂಟೆ ಬಾರಿಸಿ ಕೇರಿಯನ್ನೆಲ್ಲ ಸೇರಿಸುತ್ತಿದ್ದರು, ಮನೆ ಖಾಲಿ ಮಾಡಿಸಲು ಬಂದವರ ಮೇಲೆ ಹಿಟ್ಟು ಎರಚುತ್ತಿದ್ದರು. ಬಾರ್ಬರ್ ಸ್ವತಃ ಪಕ್ಷದವರು, 1920ರಲ್ಲಿ ಲೇಬರ್ ಕೌನ್ಸಿಲರ್ ಕೂಡ ಆದರು. ಆದರೆ 1915ರಲ್ಲಿ ಆ ಹೆಂಗಸರಿಗೆ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತವೇ ಇರಲಿಲ್ಲ. ಯಾವ ಪಕ್ಷಕ್ಕೂ ಕೊಡೋಕೆ ಅವರ ಕೈಯಲ್ಲಿ ಏನೂ ಇರಲಿಲ್ಲ. ಇದ್ದದ್ದು ಬಾಡಿಗೆ ದುಡ್ಡು, ಅದನ್ನು ಹಿಡಿದಿಟ್ಟರು. ವರ್ಷ ಮುಗಿಯೋದರೊಳಗೆ ಬಾಡಿಗೆಯನ್ನು ಯುದ್ಧಕ್ಕೆ ಮುಂಚಿನ ಮಟ್ಟದಲ್ಲಿ ಕಟ್ಟಿಹಾಕುವ ಕಾಯ್ದೆ ಬಂತು.

ಸೇಂಟ್ ಪ್ಯಾಂಕ್ರಾಸ್ 1965ರಲ್ಲಿ ಕ್ಯಾಮ್ಡೆನ್ ಎಂಬ ಹೊಸ ಕೌನ್ಸಿಲ್ ಒಳಗೆ ಸೇರಿತು. 2004ರ ಜನವರಿಯಲ್ಲಿ ಅಲ್ಲಿ ಇನ್ನೊಂದು ಪರೀಕ್ಷೆ. ಮನೆಗಳ ಉಸ್ತುವಾರಿಯನ್ನು ಪ್ರತ್ಯೇಕ ಕಂಪನಿಗೆ ಕೊಡಿ, ರಿಪೇರಿಗೆ ಸುಮಾರು 28 ಕೋಟಿ ಪೌಂಡ್ ಬರುತ್ತೆ ಅಂತ ಕೌನ್ಸಿಲ್ ಹೇಳಿತು. ಕೌನ್ಸಿಲ್ಲೂ ಲೇಬರ್, ಸರ್ಕಾರವೂ ಲೇಬರ್. ಮತ ಹಾಕಿದವರಲ್ಲಿ 77% ಜನ ಬೇಡ ಅಂದರು. ಅವರಲ್ಲಿ ಲೇಬರ್ ಬೆಂಬಲಿಗರು ಇರಲಿಲ್ಲ ಅಂತ ಯಾರಾದರೂ ಹೇಳಿದರೆ ನಾನಂತೂ ನಂಬಲ್ಲ. ಈ ವಿಷಯದಲ್ಲಿ ಸಂಸದ ಆಸ್ಟಿನ್ ಮಿಚೆಲ್‌ರಂಥ ಲೇಬರ್‌ನವರೇ ತಮ್ಮ ಸರ್ಕಾರದ ವಿರುದ್ಧ ನಿಂತಿದ್ದರು. ಇದಕ್ಕೆ ಬೆಲೆಯೂ ತೆರಬೇಕಾಯಿತು. ಸರ್ಕಾರ ಆ ದುಡ್ಡನ್ನು ನೇರವಾಗಿ ಕೌನ್ಸಿಲ್ಲಿಗೆ ಕೊಡಲಿಲ್ಲ. ಯಾರ ಕೈಗೂ ಸಿಗದೆ ನಿಂತರೆ ಲಾಭವೇ ಜಾಸ್ತಿ ಅಂತ ಸುಮ್ನೆ ಹೇಳಿದರೆ ಅದು ಸುಳ್ಳಾಗುತ್ತೆ.

ಈಗ ನಿಮ್ಮ ಲೆಟರ್‌ಹೆಡ್ ವಿಷಯ. ಕೊಡಬೇಡಿ. ಅದು ನೀವು ಏಳೆಂಟು ಜನ ಸಮಿತಿಯವರದ್ದಲ್ಲ, ಬೇರೆ ಪಕ್ಷಕ್ಕೆ ಮತ ಹಾಕುವ ಮೂರನೇ ಮಹಡಿಯ ಅಜ್ಜಿಯದ್ದೂ ಹೌದು. ನಾಳೆ ಅವರ ಮನೆ ಗೋಡೆಗೆ ಬೂಷ್ಟು ಹಿಡಿದರೆ ಅವರು ನಿಮ್ಮ ಸಭೆಗೆ ಬರಬೇಕಲ್ವಾ? ಕೌನ್ಸಿಲರ್‌ಗೆ ಥ್ಯಾಂಕ್ಸ್ ಹೇಳೋದರಲ್ಲಿ ತಪ್ಪಿಲ್ಲ. ಬಾಯ್ಲರ್ ಕೆಟ್ಟ ದಿನ, ಸರಿಹೋದ ದಿನ, ಯಾರು ಏನು ಮಾಡಿದರು ಅಂತ ಸಭೆಯ ನಡಾವಳಿಯಲ್ಲಿ ಬರೆಯಿರಿ, ಒಂದು ಪ್ರತಿ ಅವರಿಗೂ ಕೊಡಿ. ಚುನಾವಣೆ ಮುಗಿದ ಮೇಲೆ ಕೊಟ್ಟರೆ ಇನ್ನೂ ಒಳ್ಳೆಯದು. ಕೌನ್ಸಿಲರ್ ತಮ್ಮ ಬೆಂಬಲಕ್ಕೆ ಸಹಿ ಹಾಕಿ ಅಂತ ಕೇಳಿದರೆ, ಹಾಕುವವರು ಸ್ವಂತ ಹೆಸರಲ್ಲಿ ಹಾಕಲಿ, ಸಂಘದ ಹುದ್ದೆ ಬರೆಯೋದು ಬೇಡ. ಸಮಿತಿಯವರೇ ಯಾರಾದರೂ ಚುನಾವಣೆಗೆ ನಿಂತರೆ ಮೊದಲು ಹುದ್ದೆ ಬಿಡಲಿ. ಇದನ್ನು ಈಗಲೇ ಠರಾವು ಮಾಡಿಟ್ಟುಕೊಳ್ಳಿ. ಮುಂದೆ ಒಬ್ಬರ ಹೆಸರು ಬಂದಾಗ ಮಾಡಹೊರಟರೆ ಜಗಳ ಗ್ಯಾರಂಟಿ.

ಆಮೇಲೆ ಎಲ್ಲ ಪಕ್ಷದ ಅಭ್ಯರ್ಥಿಗಳನ್ನೂ ಒಂದೇ ಸಂಜೆ ನಿಮ್ಮ ಸಮುದಾಯ ಭವನಕ್ಕೆ ಕರೆಯಿರಿ. ರಿಪೇರಿ, ಬಾಡಿಗೆ, ಕಟ್ಟಡ ಕೆಡವುವ ಯೋಜನೆ ಇದ್ದರೆ ಅದರ ಮೇಲೆ ಬಾಡಿಗೆದಾರರ ಮತದಾನ, ಇಷ್ಟನ್ನೇ ಎಲ್ಲರಿಗೂ ಕೇಳಿ. ಉತ್ತರಗಳನ್ನು ಇದ್ದ ಹಾಗೆ ಬರೆದು ನೋಟಿಸ್ ಬೋರ್ಡಿಗೆ ಹಾಕಿ. ಗೆದ್ದವರ ಉತ್ತರವನ್ನು ಮುಂದಿನ ಚುನಾವಣೆವರೆಗೂ ತೆಗೆಯಬೇಡಿ.

- ಸಂಪಾದಕ