ಕದಂಬ ಯಾರದ್ದು?

ಅಂಕೋಲೆಯ ಓದುಗರೊಬ್ಬರು ಬರೆದಿದ್ದಾರೆ: "ಮಡಗಾವಿನಿಂದ ಕಾರವಾರಕ್ಕೆ ಕದಂಬ ಬಸ್ಸಿನಲ್ಲಿ ಬಂದೆವು. ಅಲ್ಲಿಂದ ಊರಿಗೆ ಬರುವ ದಾರಿಯಲ್ಲಿ ಅರ್ಗಾದ ನೌಕಾನೆಲೆ, ಅದೂ ಕದಂಬ. ಶಿರಸಿಗೆ ಹೋದರೆ ಕದಂಬೋತ್ಸವದ ಬ್ಯಾನರು. 'ಇದೆಲ್ಲ ಒಬ್ಬರದ್ದೇನಾ ಅಪ್ಪಾ?' ಎಂದು ಮೂರನೆಯ ಕ್ಲಾಸಿನ ಮಗಳು ಕೇಳಿದಳು. ಏನು ಹೇಳಲಿ? ಇನ್ನೊಂದು ಮಾತು, ಹೋದ ಸಂಚಿಕೆಯಲ್ಲಿ ಕದಂಬವೆಂದು ನೀವು ಹಾಕಿದ ಚಿತ್ರ ನಮ್ಮ ಬೆಟ್ಟದ ಹೆದ್ದಿಯಂತೆ ಕಾಣುತ್ತದಲ್ಲ?"

ಮಾನ್ಯರೇ,

ಅದು ಹೆದ್ದಿಯೇ. ಉಂಡೆ ಹೂವು ಕಂಡದ್ದೇ ತಡ, ಎಲೆ ನೋಡದೆ ಅಚ್ಚಿಗೆ ಕಳಿಸಿದ್ದು ನಮ್ಮ ತಪ್ಪು. ಹೆದ್ದಿಯ ಎಲೆ ಹೃದಯದ ಆಕಾರದ್ದು, ಹೂವಿನ ಉಂಡೆ ಚಿಕ್ಕದು. ಕದಂಬದ ಎಲೆ ಉದ್ದ. ಹೂವು ಕಿತ್ತಳೆ ಬಣ್ಣದ ದೊಡ್ಡ ಚೆಂಡು, ಮೈತುಂಬ ಬಿಳಿ ಸೂಜಿ ಚುಚ್ಚಿಟ್ಟ ಹಾಗೆ. ಎರಡೂ ಕಾಫಿ, ಕೇಪಳಗಳ ಕುಟುಂಬದವು ಎಂದು ಸಮಾಧಾನ ಹೇಳಿಕೊಂಡೆವು.

ಇನ್ನು ಮಗಳ ಪ್ರಶ್ನೆ. ಬಸ್ಸು ಗೋವಾ ಸರಕಾರದ ನಿಗಮದ್ದು, 1980ರಲ್ಲಿ ಶುರುವಾದದ್ದು. ನೆಲೆ ಭಾರತೀಯ ನೌಕಾಪಡೆಯದ್ದು, 2005ರ ಮೇ 31ರಂದು ಸೇವೆಗೆ ಬಂತು. ಉತ್ಸವ ನಮ್ಮ ರಾಜ್ಯ ಸರಕಾರದ್ದು. ಮೂವರೂ ಹೆಸರು ತಂದದ್ದು ಮಾತ್ರ ಒಂದೇ ಮನೆತನದಿಂದ. ಬಸ್ಸಿನವರು ನೆನೆದದ್ದು ಚಂದ್ರಾಪುರ, ಗೋಪಕಪಟ್ಟಣಗಳಿಂದ ಆಳಿದ ಗೋವಾ ಕದಂಬರನ್ನು. ಅವರ ಸಿಂಹಲಾಂಛನ ಇವತ್ತಿಗೂ ಬಸ್ಸಿನ ಮೈಮೇಲಿದೆ. ಬನವಾಸಿಯವರು ಅವರಿಗಿಂತ ಎಷ್ಟೋ ತಲೆಮಾರು ಹಿರಿಯರು, ನಾಲ್ಕನೆಯ ಶತಮಾನದವರು.

ಹಾಗಾದರೆ ಆ ಮನೆತನಕ್ಕೆ ಹೆಸರು ಎಲ್ಲಿಂದ ಬಂತು? ತಾಳಗುಂದದ ಕಂಬದ ಮೇಲೆ ಕವಿ ಕುಬ್ಜ ಅದನ್ನೂ ಬರೆದಿಟ್ಟಿದ್ದಾನೆ. ಓದಲೆಂದು ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ ಕಥೆ ಎಲ್ಲರಿಗೂ ಗೊತ್ತು. ಅದೇ ಶಾಸನದಲ್ಲಿ, ಮನೆಯ ಹತ್ತಿರ ಬೆಳೆದಿದ್ದ ಕದಂಬದ ಮರವನ್ನು ಜೋಪಾನ ಮಾಡುತ್ತಿದ್ದುದರಿಂದ ಆ ಮನೆತನಕ್ಕೆ ಮರದ ಹೆಸರೇ ಬಂತು ಎಂದಿದೆ. ಊರಿನಲ್ಲಿ ನಾವು ಮಾವಿನಮರದ ಮನೆಯವರು, ಹಲಸಿನಮರದ ಮನೆಯವರು ಅನ್ನುವುದಿಲ್ಲವೇ, ಹಾಗೆ. ಆದ್ದರಿಂದ ಮಗಳಿಗೆ ಧೈರ್ಯವಾಗಿ ಹೇಳಿ: ಹೌದು ಮಗಾ, ಎಲ್ಲ ಒಂದು ಮರದ್ದು.

ಮರದ ಹೆಸರು ಅರಮನೆಗಷ್ಟೇ ಹೋಗಲಿಲ್ಲ. ಕದಂಬವೆಂದರೆ ಗುಂಪು ಎಂಬ ಅರ್ಥವೂ ನಿಘಂಟಿನಲ್ಲಿದೆ. ನೂರಾರು ಪುಟ್ಟ ಹೂಗಳು ಸೇರಿ ಒಂದು ಚೆಂಡಾದದ್ದನ್ನು ಕಂಡರೆ ಇದು ಬೇಗ ಒಪ್ಪುತ್ತದೆ. ಕಾದಂಬರಿಯೆಂದರೆ ಆ ಹೂವಿನ ಮದ್ಯ. ಆಮೇಲೆ ಬಾಣಕವಿಯ ನಾಯಕಿಗೆ ಆ ಹೆಸರು, ಅವಳಿಂದ ನಮ್ಮಲ್ಲೂ ಮರಾಠಿಯಲ್ಲೂ ಆ ಬಗೆಯ ಕಥೆಗೆಲ್ಲ ಅದೇ ಹೆಸರು. (ನಮ್ಮ ಧಾರಾವಾಹಿ ಲೇಖಕರಿಗೆ ಮದ್ಯದ ಅರ್ಥ ತಿಳಿಸಬೇಡಿ; ಮೊದಲೇ ಕಂತು ತಡ.) ಕಾದಂಬಿನಿ ಮೋಡದ ಸಾಲು. 1883ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಮೊದಲ ಇಬ್ಬರು ಹೆಂಗಸರಲ್ಲಿ ಒಬ್ಬರಾಗಿ, ಮುಂದೆ ಡಾಕ್ಟರಾದ ಕಾದಂಬಿನಿ ಗಂಗೂಲಿ ಈ ಹೆಸರಿನವರೇ.

ವಿಜ್ಞಾನಿಗಳ ಪಾಡು ಕೇಳಿದರೆ ನಮ್ಮ ತಪ್ಪು ಸಣ್ಣದೆನಿಸುತ್ತದೆ. ಫ್ರಾನ್ಸಿನ ಲಮಾರ್ಕ್ ಏಷ್ಯಾದ್ದೆಂದು ನಂಬಿ ಒಂದು ಒಣಗಿಸಿದ ಟೊಂಗೆಗೆ ಹೆಸರಿಟ್ಟ. ಅದೇ ಕದಂಬವೆಂದು ತಿಳಿದು ಬಹುಕಾಲ ಪುಸ್ತಕಗಳಲ್ಲಿ ಅಂಥೋಸೆಫಾಲಸ್ ಎಂದು ಬರೆಯುತ್ತ ಬಂದರು. ಕೊನೆಗೆ ನೋಡಿದರೆ ಅದು ಮಡಗಾಸ್ಕರಿನ ಬೇರೊಂದು ಮರ! (ಮಡಗಾವಿನಿಂದ ಹೊರಟ ನಿಮ್ಮ ಪ್ರಶ್ನೆ ಎಲ್ಲಿಗೆ ಬಂತು ನೋಡಿ.) 1984ರಲ್ಲಿ ಬೊಸ್ಸರ್ ಎಂಬ ಸಸ್ಯಶಾಸ್ತ್ರಜ್ಞರು ಕದಂಬಕ್ಕೆ ಹೊಸ ಕುಲ ಮಾಡಿ ನಿಯೋಲಮಾರ್ಕಿಯ ಕದಂಬ ಎಂದರು. ಬರೀ ಲಮಾರ್ಕಿಯ ಎನ್ನುವ ಹಾಗಿರಲಿಲ್ಲ. ಆ ಹೆಸರನ್ನು ಮೊದಲೇ ಒಂದು ಹುಲ್ಲಿಗೆ ಕೊಟ್ಟಾಗಿತ್ತು.

ಸರಿಯಾದ ಚಿತ್ರ ಹಾಕುವ ಋಣ ನಮ್ಮ ಮೇಲಿದೆ. ಕದಂಬ ಹೂ ಬಿಡುವುದು ಮಳೆಗಾಲದಲ್ಲಿ. ನಿಮ್ಮ ಕಡೆ ಮರ ಕಂಡರೆ ಒಂದು ಫೋಟೋ ಕಳಿಸಿ. ಎಲೆಯೂ ಕಾಣುವಂತಿರಲಿ.

— ಸಂ.