ಓದುಗರ ಪ್ರಶ್ನೆ: ಕಮಾಡೋರ್ 64ಕ್ಕೆ ಪ್ರೋಗ್ರಾಂ ಬರೆಯೋಕೆ ಯಾವ ಎಡಿಟರ್, ಯಾವ ಅಸೆಂಬ್ಲರ್?

ಪ್ರಶ್ನೆ: ಚಿಕ್ಕಪ್ಪನ ಹಳೇ ಕಮಾಡೋರ್ 64 (ಎಂಬತ್ತರ ದಶಕದ ಹೋಮ್ ಕಂಪ್ಯೂಟರ್) ಈಗ ನನ್ನ ಹತ್ರ ಇದೆ, ಆನ್ ಆಗುತ್ತೆ, ಕೀಬೋರ್ಡೂ ಚೆನ್ನಾಗಿದೆ. ಒಂದು ಸಣ್ಣ ಗೇಮ್ ಬರೀಬೇಕು ಅಂತ ಆಸೆ. ಅದರಲ್ಲೇ ಇರೋ ಬೇಸಿಕ್ ಭಾಷೆ ಸ್ವಲ್ಪ ಗೊತ್ತು, ಅಸೆಂಬ್ಲಿ (ಪ್ರೊಸೆಸರಿಗೆ ನೇರ ಆದೇಶ ಬರೆಯೋ ಭಾಷೆ) ಗೊತ್ತಿಲ್ಲ. ಮಷೀನ್ ಮೇಲೇ ಕೂತು ಬರೆಯೋದಾ, ಲ್ಯಾಪ್‌ಟಾಪಲ್ಲಿ ಬರೆದು ಅಲ್ಲಿಗೆ ಹಾಕೋದಾ? ಒಬ್ಬೊಬ್ರು ಒಂದೊಂದು ಎಡಿಟರ್ ಹೆಸರು ಹೇಳ್ತಾರೆ.

ಉತ್ತರ: ಗೇಮ್ ಅಂದ್ರೆ ಲ್ಯಾಪ್‌ಟಾಪಲ್ಲೇ ಬರೀರಿ. ಆದ್ರೆ ಮೊದಲ ಒಂದೆರಡು ವಾರ ಮಷೀನ್ ಮೇಲೇ ಕೂತ್ಕೊಳ್ಳಿ, ಇದನ್ನ ಮಾತ್ರ ಬಿಡಬೇಡಿ.

ಯಾಕೆ ಅಂದ್ರೆ ಈ ಮಷೀನ್ ಆನ್ ಮಾಡಿದ ತಕ್ಷಣ 38911 ಬೈಟ್ ಖಾಲಿ ಇದೆ ಅಂತ ತೋರಿಸಿ ನೇರ ಬೇಸಿಕ್‌ಗೇ ಬಿಡುತ್ತೆ, ಸ್ಕ್ರೀನೇ ಎಡಿಟರ್, ಕರ್ಸರ್ ಮೇಲಕ್ಕೆ ತಗೊಂಡು ಹೋಗಿ ಸಾಲು ತಿದ್ದಿ ರಿಟರ್ನ್ ಒತ್ತಿದ್ರೆ ಮುಗೀತು. ಅಸೆಂಬ್ಲಿ ಏನು ಅನ್ನೋದೂ ಇಲ್ಲೇ ಗೊತ್ತಾಗುತ್ತೆ, ಅಸೆಂಬ್ಲರ್ ಇಲ್ದೇನೇ. ಬೇಸಿಕ್‌ನ ಡೇಟಾ ಸಾಲಲ್ಲಿ 169, 0, 141, 32, 208, 96 ಅಂತ ಆರು ನಂಬರ್ ಕೊಟ್ಟು, ಒಂದು ಫಾರ್ ಲೂಪ್ ಹಾಕಿ ಮೆಮೊರಿಯ 49152ನೇ ವಿಳಾಸದಿಂದ ಒಂದೊಂದಾಗಿ ಪೋಕ್ ಮಾಡಿ (ಅಂದ್ರೆ ಅಲ್ಲಿ ಬರೀರಿ), ಆಮೇಲೆ ಸಿಸ್ 49152 ಕೊಡಿ, ಅಂದ್ರೆ ಅಲ್ಲಿಂದ ಓಡಿಸು ಅಂತ. ಸ್ಕ್ರೀನ್ ಸುತ್ತಲಿನ ಬಾರ್ಡರ್ ಕಪ್ಪಾಗುತ್ತೆ. 169, 0 ಅಂದ್ರೆ ಎ ರಿಜಿಸ್ಟರಿಗೆ (ಪ್ರೊಸೆಸರ್ ಒಳಗಿನ ಪುಟ್ಟ ಜಾಗ) ಸೊನ್ನೆ ತುಂಬು, 141 ಅಂದ್ರೆ ಅದನ್ನ ಮುಂದಿನ ವಿಳಾಸಕ್ಕೆ ಬರಿ, 32 ಮತ್ತು 208 ಸೇರಿ ಆ ವಿಳಾಸ, 208 ಗುಣಿಸು 256, ಕೂಡಿಸು 32, ಅಂದ್ರೆ 53280, ಅದೇ ಬಾರ್ಡರ್ ಬಣ್ಣದ ಜಾಗ. 96 ಅಂದ್ರೆ ವಾಪಸ್ ಬಾ. ಅಸೆಂಬ್ಲರ್ ಮಾಡೋ ಕೆಲ್ಸದ ತಿರುಳು ಇಷ್ಟೇ, ನಾವು ಬರೆದ ಮಾತನ್ನ ಇಂಥ ನಂಬರಿಗೆ ತಿರುಗಿಸೋದು. ಇದನ್ನ ಒಂದ್ಸಲ ಕೈಯಾರೆ ಮಾಡಿದವರಿಗೆ ಅಸೆಂಬ್ಲಿ ಭಯ ಅರ್ಧ ಹೋಗುತ್ತೆ ಅಂತ ನನ್ನ ನಂಬಿಕೆ.

ಪ್ರೋಗ್ರಾಂ ದೊಡ್ಡದಾಗ್ತಿದ್ದಂಗೆ ಕಷ್ಟ ಶುರು. ಸ್ಕ್ರೀನ್ ಅಡ್ಡಕ್ಕೆ 40 ಅಕ್ಷರ, ಉದ್ದಕ್ಕೆ 25 ಸಾಲು, ಬೇಸಿಕ್ ಸಾಲು 80 ಅಕ್ಷರ ದಾಟೋಹಾಗಿಲ್ಲ, ಹುಡುಕೋ ಸೌಲಭ್ಯ ಇಲ್ಲ, ಲಿಸ್ಟ್ ಕೊಟ್ರೆ ಮೇಲಕ್ಕೆ ಓಡಿಹೋದ ಸಾಲು ಹಿಂದಕ್ಕೆ ಬರಲ್ಲ. ಟರ್ಬೋ ಮ್ಯಾಕ್ರೋ ಪ್ರೋ ಥರದ ಅಸೆಂಬ್ಲರ್ ಮಷೀನ್ ಮೇಲೇ ಓಡುತ್ತೆ, ಒಳ್ಳೆ ಟೂಲೇ, ಆದ್ರೆ ಅಲ್ಲಿ ಅಸೆಂಬ್ಲರು, ನಿಮ್ಮ ಸೋರ್ಸು (ನೀವು ಬರೆದ ಪಠ್ಯ), ನಿಮ್ಮ ಗೇಮು ಮೂರೂ ಅದೇ 64 ಕೆಬಿಯಲ್ಲಿ ಇರಬೇಕು, ಗೇಮ್ ತಪ್ಪಿ ಎಲ್ಲೆಲ್ಲೋ ಬರೆದ್ರೆ ಸೋರ್ಸ್ ಕೂಡ ಹೋಯ್ತು. ಹಾಗಾಗಿ ರನ್ ಮಾಡೋಕ್ಕೆ ಮುಂಚೆ ಪ್ರತಿ ಸಲ ಡಿಸ್ಕಿಗೆ ಸೇವ್ ಮಾಡಬೇಕು, ಕಮಾಡೋರ್‌ನ 1541 ಡಿಸ್ಕ್ ಡ್ರೈವ್ ಸೆಕೆಂಡಿಗೆ ಸುಮಾರು 400 ಬೈಟ್ ಓದೋದು, 30 ಕೆಬಿ ವಾಪಸ್ ಲೋಡ್ ಆಗೋಕೆ ಒಂದು ನಿಮಿಷದ ಮೇಲೇ ಬೇಕು.

ಲ್ಯಾಪ್‌ಟಾಪಲ್ಲಿ ಅಸೆಂಬ್ಲರ್ ಅಂದ್ರೆ ಎಕ್ಮೆ, 64ಟ್ಯಾಸ್, ಕಿಕ್ ಅಸೆಂಬ್ಲರ್ ಈ ಮೂರರಲ್ಲಿ ಯಾವುದಾದ್ರೂ ಸರಿ. ಕಿಕ್ ಅಸೆಂಬ್ಲರಿಗೆ ಜಾವಾ ಬೇಕು, ಅದರ ಸ್ಕ್ರಿಪ್ಟಿಂಗ್ ಜೋರಾಗಿದೆ, ಆದ್ರೆ ಹೊಸಬರಿಗೆ ಎಕ್ಮೆ ಹಗುರ, ನಾನು ಅದನ್ನೇ ಹೇಳ್ತೀನಿ. ಎಡಿಟರ್ ನಿಮ್ಮ ಕೈಗೆ ಪಳಗಿರೋದೇ ಇರಲಿ, ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ವಿಮ್, ವಿಎಸ್ ಕೋಡ್ ಯಾವುದಾದ್ರೂ ಆಗುತ್ತೆ, ಪ್ಲೇನ್ ಟೆಕ್ಸ್ಟ್ ಆಗಿ ಸೇವ್ ಆಗಬೇಕು, ವರ್ಡ್ ಪ್ರೊಸೆಸರ್ ಬೇಡ, ಅದು ಹಾಕೋ ಬಾಗಿದ ಕೋಟ್ ಚಿಹ್ನೆ ಅಸೆಂಬ್ಲರಿಗೆ ಅರ್ಥ ಆಗಲ್ಲ.

ಟೂಲ್ ಆರಿಸೋವಾಗ ನಾನು ನೋಡೋದು ಒಂದೇ, ತಪ್ಪು ಎಷ್ಟು ಬೇಗ ಕೈಗೆ ಸಿಗುತ್ತೆ ಅಂತ. ಒಂದು ಕೀ ಒತ್ತಿದ್ರೆ ಅಸೆಂಬಲ್ ಆಗಿ ವೈಸ್ ಎಮ್ಯುಲೇಟರಲ್ಲಿ (ಲ್ಯಾಪ್‌ಟಾಪಲ್ಲೇ ಕಮಾಡೋರ್ ಥರ ನಡೆಯೋ ಪ್ರೋಗ್ರಾಂ) ಓಡಬೇಕು, ಹಾಗೆ ಸೆಟ್ ಮಾಡ್ಕೊಳ್ಳಿ. ಜೊತೆಗೆ ಅಸೆಂಬ್ಲರಿಂದ ವೈಸಿಗೆ ಹೊಂದೋ ಲೇಬಲ್ ಫೈಲ್ (ನೀವಿಟ್ಟ ಹೆಸರು, ಅದರ ವಿಳಾಸಗಳ ಪಟ್ಟಿ) ಬರೆಸಿ, ಎಕ್ಮೆ ಕೂಡ, 64ಟ್ಯಾಸ್ ಕೂಡ ಬರೆಯುತ್ತೆ. ಆಗ ವೈಸ್ ಮಾನಿಟರಲ್ಲಿ (ತಪ್ಪು ಹುಡುಕೋ ಅದರ ಟೂಲ್) ಬರೀ ನಂಬರ್ ಬದಲು ನೀವಿಟ್ಟ ಹೆಸರಿಂದಲೇ ಬ್ರೇಕ್‌ಪಾಯಿಂಟ್, ಅಂದ್ರೆ ಪ್ರೋಗ್ರಾಂ ನಿಲ್ಲಬೇಕಾದ ಜಾಗ, ಹಾಕಬಹುದು. ಎಡಿಟರ್ ಬಣ್ಣಕ್ಕಿಂತ ಇದು ನೂರುಪಾಲು ಮುಖ್ಯ.

ಪ್ರಶ್ನೆ: ಅಸೆಂಬ್ಲಿ ಬಿಟ್ಟು ಸಿ ಭಾಷೆಯಲ್ಲೇ ಬರೆದ್ರೆ ಆಗಲ್ವಾ?

ಉತ್ತರ: ಆಗುತ್ತೆ, ಸಿಸಿ65 ಅಂತ ಕಂಪೈಲರ್ ಇದೆ. ಆದ್ರೆ ಈ ಪ್ರೊಸೆಸರ್ ಸಿ ಭಾಷೆಗೆ ಅಂತ ಆದದ್ದಲ್ಲ, ರಿಜಿಸ್ಟರ್ ಎ, ಎಕ್ಸ್, ವೈ ಅಂತ ಮೂರೇ, ಅವೂ 8 ಬಿಟ್, ಸ್ಟ್ಯಾಕ್ (ತಾತ್ಕಾಲಿಕ ಮಾಹಿತಿ ಪೇರಿಸಿಡೋ ಜಾಗ) ಬರೀ 256 ಬೈಟ್. ಅದಕ್ಕೇ ಕಂಪೈಲರ್ ತನ್ನದೇ ಬೇರೆ ಸ್ಟ್ಯಾಕ್ ಇಟ್ಕೊಳ್ಳುತ್ತೆ, ಅದು ನಿಧಾನ. ವೇರಿಯಬಲ್‌ಗಳನ್ನ ಆದಷ್ಟೂ ಅನ್‌ಸೈನ್ಡ್ ಚಾರ್ (0ರಿಂದ 255ರವರೆಗಿನ ಒಂದು ಬೈಟ್) ಮಾಡಿ, ಫಂಕ್ಷನ್ ಒಳಗಿನವನ್ನ ಸ್ಟ್ಯಾಟಿಕ್ (ಸ್ಟ್ಯಾಕ್ ಬಿಟ್ಟು ಖಾಯಂ ಜಾಗದಲ್ಲಿರೋದು) ಮಾಡಿ, ಆಗ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಫ್ಲೋಟ್ (ದಶಾಂಶ ಸಂಖ್ಯೆ) ಇಲ್ಲ ಅನ್ನೋದೂ ನೆನಪಿರಲಿ. ಮೆನು, ಸ್ಕೋರ್ ಲೆಕ್ಕ ಎಲ್ಲಾ ಸಿ ಯಲ್ಲಿ, ಸ್ಪ್ರೈಟ್ (ಸ್ಕ್ರೀನ್ ಮೇಲೆ ಚಲಿಸೋ ಪುಟ್ಟ ಚಿತ್ರ) ಓಡಾಟ ಅಸೆಂಬ್ಲಿಯಲ್ಲಿ ಮಾಡಿದ್ರೆ ಚೆನ್ನಾಗಿರುತ್ತೆ.

ಪ್ರಶ್ನೆ: ಪಿಸಿಯಲ್ಲಿ ಟೈಪ್ ಮಾಡಿದ ಇಂಗ್ಲಿಷ್ ಸಣ್ಣಕ್ಷರ ಕಮಾಡೋರಲ್ಲಿ ಇಸ್ಪೀಟ್ ಚಿಹ್ನೆ ಥರ ಬರ್ತಿದೆ, ಯಾಕೆ?

ಉತ್ತರ: ಅದರ ಅಕ್ಷರ ಕೋಡ್ ಪಿಸಿಯ ಆಸ್ಕಿ ಅಲ್ಲ, ಕಮಾಡೋರ್‌ದೇ ಆದ ಪೆಟ್‌ಸ್ಕಿ. ಪಿಸಿಯಲ್ಲಿ 97 ಅಂದ್ರೆ ಸಣ್ಣ ಎ, ಅಲ್ಲಿ ಆನ್ ಮಾಡಿದಾಗಿನ ಮೋಡಲ್ಲಿ 97 ಅಂದ್ರೆ ಇಸ್ಪೀಟೇ. ಕಮಾಡೋರ್ ಕೀ ಜೊತೆ ಶಿಫ್ಟ್ ಒತ್ತಿ ಮೋಡ್ ಬದಲಿಸಿದ್ರೂ ದೊಡ್ಡಕ್ಷರ ಸಣ್ಣಕ್ಷರ ಅದಲುಬದಲಾಗಿ ಕಾಣುತ್ತೆ. ಎಕ್ಮೆಯಲ್ಲಿ ಪೆಟ್ ಅನ್ನೋ ಆದೇಶ ಇದೆ, ಅದು ತಾನೇ ತಿರುಗಿಸಿ ಕೊಡುತ್ತೆ. ಆದ್ರೆ 1024ರಿಂದ ಶುರುವಾಗೋ ಸ್ಕ್ರೀನ್ ಮೆಮೊರಿಗೆ ನೇರ ಬರೆಯೋದಾದ್ರೆ ಅಲ್ಲಿ ಇನ್ನೊಂದೇ ಕೋಡ್, ಎ ಅಂದ್ರೆ 1, ಅದಕ್ಕೆ ಎಸ್‌ಸಿಆರ್ ಅನ್ನೋದು ಹಾಕಿ. ಬೇಸಿಕ್ ಪ್ರೋಗ್ರಾಮನ್ನ ಪಿಸಿಯಲ್ಲಿ ಬರೆಯೋರಿಗೆ ವೈಸ್ ಜೊತೆಗೇ ಪೆಟ್‌ಕ್ಯಾಟ್ ಅನ್ನೋ ಪರಿವರ್ತಕ ಬರುತ್ತೆ, ಅದರಲ್ಲಿ ಎಲ್ಲಾ ಸಣ್ಣಕ್ಷರದಲ್ಲೇ ಬರೀಬೇಕು.

ಪ್ರಶ್ನೆ: ಎಮ್ಯುಲೇಟರಲ್ಲಿ ನೀಟಾಗಿ ಓಡುತ್ತೆ, ನಿಜವಾದ ಮಷೀನಲ್ಲಿ ಸ್ಕ್ರೀನ್ ಮಿಟುಕುತ್ತೆ.

ಉತ್ತರ: ಮೊದಲು ನಿಮ್ಮದು ಪಾಲಾ, ಎನ್‌ಟಿಎಸ್‌ಸಿನಾ ನೋಡಿ, ಇವು ಬೇರೆ ಬೇರೆ ದೇಶದ ಎರಡು ಟಿವಿ ಪದ್ಧತಿ. ಪಾಲ್ ಮಷೀನಲ್ಲಿ ಒಂದು ಫ್ರೇಮಿಗೆ 312 ಸಾಲು, ಸಾಲಿಗೆ 63 ಸೈಕಲ್ (ಪ್ರೊಸೆಸರ್ ಗಡಿಯಾರದ ಬಡಿತ). ಎನ್‌ಟಿಎಸ್‌ಸಿಯಲ್ಲಿ ಸಾಮಾನ್ಯವಾಗಿ 263 ಸಾಲು, 65 ಸೈಕಲ್. ಲೆಕ್ಕ ಹಾಕಿ, ಎನ್‌ಟಿಎಸ್‌ಸಿಯಲ್ಲಿ ಪ್ರತಿ ಫ್ರೇಮಿಗೂ ಎರಡು ಸಾವಿರಕ್ಕಿಂತ ಜಾಸ್ತಿ ಸೈಕಲ್ ಕಮ್ಮಿ ಸಿಗುತ್ತೆ, ಪಾಲ್‌ನಲ್ಲಿ ಸರಿಯಾಗಿ ಮುಗೀತಿದ್ದ ಕೆಲ್ಸ ಇಲ್ಲಿ ಮುಗಿಯಲ್ಲ. ವೈಸ್ ಸೆಟ್ಟಿಂಗಲ್ಲಿ ನಿಮ್ಮ ಮಷೀನ್ ಮಾಡೆಲ್ಲೇ ಆರಿಸಿಕೊಂಡು ಮತ್ತೆ ಓಡಿಸಿ, ಅಲ್ಲೂ ಮಿಟುಕಿದ್ರೆ ಕಾರಣ ಇದೇ.